ಹಗೇವಿನೊಳಗೆ ಎರಡನೇ ಸಲ

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಜುಬುರುಕಿ. ಜೊತೆಗೆ ಬಾಯಿಬಡುಕಿ. ಈ ಎರಡೂ ಒಂದೇ ಮೈಯಲ್ಲಿ ಇರಬಾರದು ನೋಡಿ, ಅಂಜಿಕೆ ಹೆಚ್ಚಾದಷ್ಟೂ ನನ್ನ ಬಾಯಿ ಜೋರಾಗುತ್ತದೆ. ಅಂಥವಳನ್ನು ಆ ಭಾನುವಾರ ಬೀದರಿನಿಂದ ಔರಾದಿಗೆ ಕರೆಸಿಕೊಂಡು, "ನಿಮಗ ಎಲ್ಲಾ ಗೊತ್ತದ, ಆದ್ರ ಏನೂ ಹೇಳಬ್ಯಾಡ್ರಿ" ಎಂದು ಕೂರಿಸಿದರು. ಇದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ನಾವು ಆಡುವ ಆಟವನ್ನು ಗೊತ್ತಿಲ್ಲದವರಿಗೆ ತಿಳಿಸುವುದು ಸ್ವಲ್ಪ ಕಷ್ಟ. ನನ್ನ ಅಮ್ಮನಿಗಂತೂ ಇಂದಿಗೂ ಅದು ಜೂಜೇ ಎಂಬ ಗುಮಾನಿ. ಒಂದು ಮೇಜು, ಸುತ್ತ ನಾಲ್ಕೈದು ಜನ. ಒಬ್ಬರು ಕಥೆಗಾರರು. "ನಿಮ್ಮ ಎದುರಿಗೆ ಒಂದು ಬಾಗಿಲು ಇದೆ" ಎಂದು ಅವರು ಶುರು ಮಾಡುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಕೂತಿರುತ್ತಾರೆ: ಒಬ್ಬ ಸಿಪಾಯಿ, ಒಬ್ಬ ಹಕೀಮ, ಒಬ್ಬಳು ಕಳ್ಳಿ. ಬಾಗಿಲು ತೆಗೆಯುತ್ತೇವೋ, ಓಡಿಹೋಗುತ್ತೇವೋ ನಾವೇ ಹೇಳಬೇಕು. ಅಂದುಕೊಂಡದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇಷ್ಟೇ ಆಟ. ಆದರೆ ಇಷ್ಟಕ್ಕೇ ನಾವು ಬೆವರುತ್ತೇವೆ, ಜಗಳಾಡುತ್ತೇವೆ, ಮನೆಗೆ ಹೋಗಿ ಊಟ ಬಿಡುತ್ತೇವೆ.

ನಮ್ಮಲ್ಲಿ ಮೂರು ಮೇಜುಗಳು: ಬೀದರಿನಲ್ಲಿ ಒಂದು, ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು. ಮೂರಕ್ಕೂ ಸೇರಿ ಒಂದೇ ರಾಜ್ಯ, ಒಂದೇ ದೊಡ್ಡ ಕಥೆ. ಅದರೊಳಗಿನ ಒಂದೊಂದು ಸಾಹಸಕ್ಕೆ ನಾವು ಮೊಹೀಮ್ ಅನ್ನುತ್ತೇವೆ. ಒಂದು ಮೊಹೀಮ್ ಮೂರೂ ಊರು ತಿರುಗುತ್ತದೆ. ಬೀದರಿನಲ್ಲಿ ಹುಟ್ಟಿದ ಪಾತ್ರ ಭಾಲ್ಕಿಗೆ ಹೋಗಿ ಆಡಬಹುದು. ಹಾಗೆಯೇ, ಭಾಲ್ಕಿಯಲ್ಲಿ ಸತ್ತರೆ ಬೀದರಿನಲ್ಲೂ ಸತ್ತಂತೆ. ಅಳು, ಕಾಡಿಸು, ಕಾಲು ಹಿಡಿ, ಏನು ಮಾಡಿದರೂ ವಾಪಸು ಬರುವುದಿಲ್ಲ.

ಆಡಿದ ಮೊಹೀಮನ್ನು ಮತ್ತೆ ಆಡುವ ವಿಷಯಕ್ಕೆ ಮೊದಲು ನೇಮವೇ ಇರಲಿಲ್ಲ. ಭಾಲ್ಕಿಯ ಒಂದು ಜಗಳದ ನಂತರ ಬಂತು. ಗೊಬ್ಬರದ ಅಂಗಡಿಯ ಒಬ್ಬ ಗೃಹಸ್ಥ ಬೀದರಿನಲ್ಲಿ ಒಂದು ಮೊಹೀಮ್ ಆಡಿ ಮುಗಿಸಿ, ಏನೂ ಗೊತ್ತಿಲ್ಲದವನ ಮುಖ ಮಾಡಿಕೊಂಡು ಭಾಲ್ಕಿಯಲ್ಲಿ ಮತ್ತೆ ಅದನ್ನೇ ಆಡಲು ಕೂತ. ಕಥೆಗಾರ ಇನ್ನೂ ಕೋಟೆಯ ವರ್ಣನೆ ಮುಗಿಸಿರಲಿಲ್ಲ, ಈ ಪುಣ್ಯಾತ್ಮ ನೇರ ಹೋಗಿ, "ಈ ಗ್ವಾಡಿ ಒಡೀರಿ" ಎಂದ. ಚಹಾ ಬರುವ ಮೊದಲೇ ಖಜಾನೆ ಕೈಗೆ ಬಂತು. ಮೇಜಿನ ಉಳಿದವರಿಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಕೈಕೈ ಮಿಲಾಯಿಸುವುದೊಂದು ಬಾಕಿ.

ಅಂದಿನಿಂದ ನೇಮ. ಒಮ್ಮೆ ಆಡಿದ ಮೊಹೀಮನ್ನು ಮತ್ತೆ ಆಡಬೇಕಾದರೆ, ಆ ಮೇಜಿಗೆ ಜನ ಕಡಿಮೆ ಬಿದ್ದಿರಬೇಕು. ಆಡಿದ್ದೇನೆ ಎಂದು ಮೊದಲೇ ಎಲ್ಲರೆದುರು ಹೇಳಬೇಕು. ಹಳೆಯ ಪಾತ್ರ ತರುವಂತಿಲ್ಲ, ಹೊಸದಾಗಿ ಹುಟ್ಟಬೇಕು. ಗೊತ್ತಿದ್ದದ್ದನ್ನು ಬಳಸುವಂತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಇದು: ಮೇಜಿನವರು ಕೇಳಿದರೆ ಮಾತ್ರ "ಹೌದು" ಅಥವಾ "ಇಲ್ಲ" ಅನ್ನಬೇಕು, ಅದರಾಚೆ ಬಾಯಿ ಬಿಡುವಂತಿಲ್ಲ. ಗುಟ್ಟು ಹೊರಬಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಬಿಟ್ಟವರಿಗೆ ಮೂರೂ ಮೇಜಿನ ಬಾಗಿಲು ಬಂದ್.

ಔರಾದಿನಲ್ಲಿ ಸೋಯಾ ರಾಶಿ ನಡೆದಿತ್ತು. ಅಲ್ಲಿನ ಒಬ್ಬರು ಹೊಲ ಬಿಟ್ಟು ಬರುವಂತಿರಲಿಲ್ಲ, ಮೇಜಿಗೆ ಒಂದು ತಲೆ ಕಡಿಮೆ. ಅಲ್ಲಿನ ಕಥೆಗಾರರಾದ ಚಿತ್ರಕಲೆ ಮಾಸ್ತರರು ನನಗೆ ಫೋನ್ ಮಾಡಿದರು. ನಾನು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಭಾನುವಾರ ರಜೆ. ಬರುತ್ತೇನೆ ಎಂದ ಮೇಲೆ ಕೇಳಿದೆ, ಯಾವ ಮೊಹೀಮ್ ಎಂದು.

"ಹಗೇವ್ರಿ" ಎಂದರು.

ಬರುತ್ತೇನೆ ಎಂದು ಆಗಲೇ ಅಂದುಬಿಟ್ಟಿದ್ದೆ. ಹಗೇವು ಅಂದರೆ ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿಡುವ ಕಣಜ. ಹಿಂದೆ ನಮ್ಮ ಕಡೆ ದೊಡ್ಡ ಮನೆಗಳ ಅಂಗಳದಲ್ಲೆಲ್ಲ ಇರುತ್ತಿತ್ತು. ಈ ಮೊಹೀಮಿನಲ್ಲಿ ಕೋಟೆಯ ಹಾಳು ಹಗೇವಿಗೆ ಇಳಿದು ಒಂದು ಮುದ್ರೆಯುಂಗುರ ತರಬೇಕು. ಭಾಲ್ಕಿಯಲ್ಲಿ ಅದನ್ನು ಆಡಿದಾಗ ನನ್ನ ಹಕೀಮ, ಎಷ್ಟೋ ಮೊಹೀಮ್ ದಾಟಿ ಬಂದ ನನ್ನ ಮುದ್ದಿನ ಹಕೀಮ, ಮೂಲೆಯ ಮಣ್ಣಿನ ಗುಡಾಣದೊಳಗೆ ಕೈ ಹಾಕಿ ಸತ್ತಿದ್ದ. ಅದರೊಳಗೆ ಇದ್ದದ್ದು ಏನು ಎಂದು ಹೇಳಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ನಮ್ಮದು ದಖನಿ ಮಾತಾಡುವ ಮನೆ. ಅದರ ನಿಜ ಹೆಸರು ಹಿಡಿದರೆ ಕರೆದಂತಾಗುತ್ತದೆ ಎಂದು ಅಮ್ಮ 'ರಸ್ಸಿ' ಅನ್ನುತ್ತಾಳೆ, ಹಗ್ಗ. ಕನ್ನಡದವರ ಮನೆಗಳಲ್ಲಿ 'ಹುಳ' ಅನ್ನುತ್ತಾರೆ. ಕಚ್ಚಿತು ಅನ್ನುವುದೂ ಇಲ್ಲ, ಹುಳ ಮುಟ್ಟಿತು ಅನ್ನುತ್ತಾರೆ. ಹಾವು. ಬರೆದೆ ನೋಡಿ.

ಹೊರಡುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಕ್ಕೋ ಜಾ, ಹೋಗಬ್ಯಾಡ. ಮುಖ ನೋಡ್ಕೋ ನಿಂದು, ಸುಣ್ಣ ಆಗ್ಯಾದ" ಎಂದಳು. ಅರ್ಧ ದಖನಿ, ಅರ್ಧ ಕನ್ನಡ, ಸಿಟ್ಟು ಬಂದಾಗ ಅವಳದು ಹಾಗೇ. ಅಮ್ಮನ ಮಾತು ಕೇಳಬೇಕಿತ್ತು. ಸಂತಪುರ ದಾಟುವವರೆಗೂ ನಾನು ಬಸ್ಸಿನ ಕಿಟಕಿಗೆ ಹಣೆ ಕೊಟ್ಟು, "ಹೌದ್ರಿ, ಇಲ್ರಿ, ಹೌದ್ರಿ, ಇಲ್ರಿ" ಎಂದು ಪಾಠ ಮಾಡಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಗಂಟನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಮಾಸ್ತರರ ಮನೆಯ ಹಿಂದಿನ ಕೋಣೆಯಲ್ಲಿ ಮೇಜು. ಕರೆಂಟು ಇಲಾಖೆಯಿಂದ ನಿವೃತ್ತರಾದ ಲೈನ್‌ಮನ್ ಒಬ್ಬರು, ಅವರ ಹೆಂಡತಿ, ಇಬ್ಬರೂ ಆಡುವವರೇ. ಲೈನ್‌ಮನ್ ಸಿಪಾಯಿ, ಹೆಂಡತಿ ಮಂತ್ರವಾದಿ. ಆಟದಲ್ಲೂ ಅವರಿಗೆ ಜಗಳ ತಪ್ಪಿದ್ದಲ್ಲ. ನಾಲ್ಕನೆಯವಳು ಹತ್ತಿರದ ಹಳ್ಳಿಯ, ಕುರಿ ಸಾಕುವ ಮನೆಯ ಹೆಣ್ಣುಮಗಳು. ವಯಸ್ಸು ನನಗಿಂತ ಸ್ವಲ್ಪ ಕಡಿಮೆ. ಗಂಡ ಗಾಡಿಯ ಮೇಲೆ ಕರೆತಂದು ಬಿಟ್ಟು, ಆಟ ಮುಗಿಯುವವರೆಗೂ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಆಟದಲ್ಲಿ ಅವಳು ಕಳ್ಳಿ. ನಾನು ಇದನ್ನು ಆಡಿದ್ದೇನೆ ಎಂದು ಮೊದಲೇ ಎಲ್ಲರೆದುರು ಹೇಳಿ, ಹೊಸ ಪಾತ್ರ ಕಟ್ಟಿಕೊಂಡು ಕೂತೆ.

ಎಂಥ ಕಳ್ಳಿ ಅಂತೀರಿ! ಕೋಟೆಯ ಕಾವಲುಗಾರನ ಸೊಂಟದ ಬೀಗದಕೈ ಎಗರಿಸಿದಳು, ಸುಬೇದಾರನ ಕಿಸೆಗೆ ಕೈ ಹಾಕಿದಳು. "ಸುಬೇದಾರ್ ಆದ್ರೇನ್ರಿ, ಕೈ ಹೋಗೂವಷ್ಟು ಜಾಗಾ ಇದ್ರ ಸಾಕು" ಎಂದು ನಕ್ಕಳು. ಲೈನ್‌ಮನ್ ಮುಂದೆ ಹೋಗಲು ಹಿಂದೆಮುಂದೆ ನೋಡಿದರೆ, "ಕಾಕಾ, ಕಂಬಾ ಹತ್ತಿದೋರು ನೀವು, ಒಂದ್ ಗ್ವಾಡಿ ಹತ್ತಲಿಕ್ಕ ಹೆದರ್ತೀರಿ?" ಎಂದು ಕಾಡಿಸಿದಳು. ಅವರು ಕೇಳಿದಾಗಲೆಲ್ಲ ನಾನು "ಹೌದ್ರಿ", "ಇಲ್ರಿ" ಎಂದು ಕೋಲೆಬಸವನಂತೆ ತಲೆಯಾಡಿಸುತ್ತ ಕೂತೆ. ಅವಳ ಮಾತಿಗೆ ನಗುನಗುತ್ತ ನನ್ನ ಅಂಜಿಕೆಯೂ ಅರ್ಧ ಇಳಿದಿತ್ತು.

ಚಹಾದ ಹೊತ್ತಿಗೆ ಲೈನ್‌ಮನ್ನರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದರು.

"ಆ ಹುಡುಗಿ ಹ್ಯಾಂಗ ಮಾತಾಡ್ತಾಳ ನೋಡಿದ್ರಿ? ಹೋದ ಮಳಿಗಾಲದಾಗ ದೊಡ್ಡ್ಯಾಗ ಕುರಿಗೆ ಹೊಟ್ಟು ತೆಗೀಲಿಕ್ಕ ಕೈ ಹಾಕ್ಯಾಳ, ಹುಳ ಮುಟ್ಟ್ಯಾದ. ಬೀದರಿಗೆ ಒಯ್ದು ಉಳಿಸ್ಯಾರ. ಜೀವ ಉಳೀತು, ಆದ್ರ ಮಾತೇ ಹೋಯ್ತು ನೋಡ್ರಿ. ಹಿಟ್ಟಿನ ಡಬ್ಬಿಗೂ ಕೈ ಹಾಕಲ್ಲ. ಗಂಡ ಪರಾತದಾಗ ಹಿಟ್ಟು ಸುರುವಿ ಕೊಟ್ರ ರೊಟ್ಟಿ ಬಡೀತಾಳ. ನಾನೇ ಇಲ್ಲಿ ಎಳಕೊಂಡು ಬಂದೆ. ಬಂದಾಕಿ ಕಳ್ಳಿ ಆಗ್ತೇನಿ ಅಂದ್ಳು! ಆಟದಾಗರೆ ಕೈ ಹಾಕ್ತಾಳಲ್ಲ, ಇವತ್ತಿಲ್ಲ ನಾಳಿ ಮನ್ಯಾಗೂ ಹಾಕ್ತಾಳ ಅಂತ ಗಂಡ ಆಸೆ ಇಟ್ಕೊಂಡು ಕೂತಾನ."

"ಮಾಸ್ತರಿಗೆ ಗೊತ್ತದ ಏನ್ರಿ?" ಎಂದೆ.

"ಇಲ್ರಿ. ಯಾರ ಮುಂದೂ ಹೇಳಬ್ಯಾಡ ಅಂದಾಳ. ನೀವು ಹೆಣ್ಣುಮಗಳು ಅಂತ ಹೇಳ್ದೆ."

ಯಾ ಅಲ್ಲಾ! ಗುಡಾಣದೊಳಗೆ ಏನಿದೆ ಎಂಬುದು ಮಾಸ್ತರರಿಗೆ ಗೊತ್ತು, ಅವಳ ಕೈಗೆ ಏನಾಗಿದೆ ಎಂಬುದು ಗೊತ್ತಿಲ್ಲ. ಈ ತಾಯಿಗೆ ಕೈಯ ವಿಷಯ ಗೊತ್ತು, ಗುಡಾಣದ್ದು ಗೊತ್ತಿಲ್ಲ. ಎರಡೂ ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ. ಆಟದಲ್ಲಿ ಇದ್ದಬದ್ದ ಕಡೆಯೆಲ್ಲ ಕೈ ಹಾಕಿ ಧೈರ್ಯ ತಂದುಕೊಳ್ಳುತ್ತಿದ್ದವಳಿಗೆ, ಆಟದಲ್ಲೂ ಅದೇ ಹಾವು ಅದೇ ಕೈಗೆ ಕಚ್ಚಿದರೆ? ಕಳ್ಳಿ ಸತ್ತರೆ ಹೋಗಲಿ, ಇನ್ನೊಬ್ಬಳು ಹುಟ್ಟುತ್ತಾಳೆ. ಇವಳು ಮತ್ತೆ ಮಾತು ಬಿಟ್ಟರೆ?

ಮಾಸ್ತರರ ಹತ್ತಿರ ಹೋಗಿ, "ಒಂದ್ ಮಾತದ" ಎಂದೆ. ಅವರು ಸಾತ್ವಿಕ ಮನುಷ್ಯ, ಆದರೆ ನೇಮ ಅಂದರೆ ನೇಮ. ತುಟಿಯ ಮೇಲೆ ಬೆರಳಿಟ್ಟು, "ನಿಮಗ ಎರಡೇ ಮಾತ್ರಿ ಬಾಯಿಗೆ. ಹೌದು, ಇಲ್ಲ" ಎಂದು ನಕ್ಕರು. ನಾನು ಇನ್ನೂ ಹತ್ತಿರ ಹೋಗುವಷ್ಟರಲ್ಲಿ ಆ ಹುಡುಗಿಯೇ ಒಳಗೆ ಬಂದು ಕೂತಳು. ಅವಳ ಎದುರಿಗೇ ಅವಳ ಗುಟ್ಟು ಹೇಳಲೇ? ಮೇಜಿನ ಎದುರಿಗೆ ಗುಡಾಣದ ಗುಟ್ಟು ಹೇಳಲೇ? ಹೊಟ್ಟೆ ನೋವು ಎಂದು ಎದ್ದುಬಿಡೋಣ, ಜನ ಕಡಿಮೆ ಬಿದ್ದು ಆಟ ತಾನೇ ನಿಲ್ಲುತ್ತದೆ ಎಂದು ಹೊಳೆಯಿತು. ಎದ್ದೂ ಬಿಟ್ಟೆ. ಅವಳು ನನ್ನ ಮುಂಗೈ ಹಿಡಿದಳು.

"ಅಕ್ಕಾ, ನೀವು ಎದ್ರ ಆಟ ಮುರೀತದ. ವಾರವೆಲ್ಲಾ ಇದೊಂದೇ ದಾರಿ ಕಾಯ್ತೇನಿ ನಾ. ಕೂಡ್ರಿ."

ನನ್ನನ್ನು ಹಿಡಿದದ್ದು ಅವಳ ಬಲಗೈ. ಹೆಬ್ಬೆರಳಿನ ಬುಡದಲ್ಲಿ ಚರ್ಮ ಸುಟ್ಟಂತೆ ಕಪ್ಪಾಗಿ ಮಡಿಚಿಕೊಂಡಿತ್ತು. ನಾನು ಕೂತೆ.

ಎಲ್ಲರೂ ಹಗೇವಿಗೆ ಇಳಿದೆವು. ಮಾಸ್ತರರ ದನಿ ಇಳಿಯಿತು. ಒಳಗೆ ಕೆಟ್ಟ ಗಾಳಿ, ದೀವಟಿಗೆ ಆರಿತು, ಕೈಗೆ ಕೈ ಕಾಣದು. ಮೂಲೆಯಲ್ಲಿ ಒಂದು ಗುಡಾಣ ಇದೆ, ಬಾಯಿ ಕಿರಿದು, ಒಂದು ಕೈ ಮಾತ್ರ ಹೋಗುತ್ತದೆ ಎಂದರು. ನಡುಹಗಲು, ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಆದರೂ ನನಗೆ ಅಲ್ಲಿ ಬರೇ ಕತ್ತಲೆ ಕಂಡಿತು.

"ಕೋಲಿಂದ ತಿವಿದು ನೋಡಬೇಕು" ಎಂದರು ಲೈನ್‌ಮನ್.

"ನಿಮ್ಮ ಕೋಲಿಗಿ ಉಂಗುರ ಹತ್ತತದೇನು, ಸುಮ್ನಿರ್ರಿ" ಎಂದರು ಹೆಂಡತಿ.

ಹುಡುಗಿ ಮುಂದಕ್ಕೆ ಬಾಗಿದಳು. ನಗು ಹೋಗಿತ್ತು. ತುಟಿ ಒಣಗಿದ್ದು ನನಗೆ ಕಂಡಿತು. "ನಾ ಹಾಕ್ತೇನಿ ಕೈ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ನೀವು ನನ್ನ ಹಿಂದ ನಿಂದರ್ತೀರಿಲ್ಲ?" ಎಂದು ಕೇಳಿದಳು.

ಕೇಳಿದ ಮೇಲೆ ಹೌದೋ ಇಲ್ಲವೋ ಹೇಳಲೇಬೇಕು. ಬಸ್ಸಿನಲ್ಲಿ ಮಾಡಿದ ಪಾಠವೆಲ್ಲ ಅಂಜಿಕೆಗೆ ಹಾರಿಹೋಯಿತು. ಬಾಯಿಗೆ ಬಂದದ್ದು ಮನೆಯ ಮಾತು. ದಖನಿಯಲ್ಲಿ ಹೌದು ಅನ್ನುವುದಕ್ಕೆ ನಾವು 'ಹೌ' ಅನ್ನುತ್ತೇವೆ. ನಡುಗುವ ಗಂಟಲಿನಿಂದ ಅದು ಎಳೆದುಕೊಂಡು ಹೊರಬಿತ್ತು.

"ಹಾ...ವ್."

ಲೈನ್‌ಮನ್ನರ ಹೆಂಡತಿ ಎರಡೂ ಕಾಲನ್ನು ಸಟ್ಟನೆ ಕುರ್ಚಿಯ ಮೇಲೆ ಎಳೆದುಕೊಂಡರು. ಲೈನ್‌ಮನ್ ಬಗ್ಗಿ ಮೇಜಿನ ಕೆಳಗೆ ನೋಡಿದರು. ಹುಡುಗಿಯ ಬಲಗೈ ತಾನಾಗಿಯೇ ಸೆರಗಿನೊಳಗೆ ಹೋಯಿತು. ಮಾಸ್ತರರು ಮಾತ್ರ ಅಲುಗಾಡದೆ ನನ್ನನ್ನೇ ನೋಡುತ್ತಿದ್ದರು.

"ಮುಗೀತು. ಹೇಳಿಬಿಟ್ರಿ" ಎಂದರು.

"ಏನ್ ಹೇಳ್ದೆ? ನಾ ಹೌದು ಅಂದೇನ್ರಿ! ನಮ್ಮ ಮನ್ಯಾಗ ಹೌ ಅಂತಾರ!"

"ಮುಂಜಾನಿಂದ ಹೌದ್ರಿ ಹೌದ್ರಿ ಅಂದೋರು, ಈಗ್ಯಾಕ್ರಿ ಹೌ? ಬರೋಬರಿ ಇಲ್ಲೇ ಯಾಕ?"

"ಹೆದರಿಕಿ ಬಂದ್ರ ಮನಿ ಮಾತೇ ಬರ್ತದ್ರಿ! ನಿಮಗ ಬರಂಗಿಲ್ಲೇನು? ಬಾಗಲದಾಗ ಬೆರಳ ಸಿಕ್ರ ನೀವು ಯವ್ವಾ ಅಂತೀರೋ, ಪುಸ್ತಕದಾಗಿನ ಮಾತು ಅಂತೀರೋ?" ನಾನು ಎದ್ದು ನಿಂತು ಕೂಗಾಡಿದೆ. ಕಣ್ಣಲ್ಲಿ ನೀರು ಬರುತ್ತಿತ್ತು.

ಆಮೇಲೆ ಮೂರೂ ಮೇಜಿನವರು ಕೂಡಿ ಈ ವಿಷಯ ಚರ್ಚೆ ಮಾಡಿದರು. ನನ್ನ ಜಾಗ ಉಳಿಯಿತು, ಆದರೆ ನಂಬಿದವರು ಅರ್ಧ, ನಂಬದವರು ಅರ್ಧ. ಖುರಾನ್ ಮುಟ್ಟಿ ಹೇಳುತ್ತೇನೆ, ನಾನು ಹೌ ಅಂದೆ. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಬೇರೆ ಯಾವ ಶಬ್ದವೂ ಇರಲಿಲ್ಲ, ಅದೊಂದೇ ಇತ್ತು, ಹೆಡೆ ಎತ್ತಿ ಕೂತಿತ್ತು. ಅದು ನಾಲಿಗೆಗೆ ತಗುಲಲಿಲ್ಲ ಎಂದು ಹೇಗೆ ಹೇಳಲಿ?

ನಮ್ಮ ಜಗಳದ ನಡುವೆ ಹುಡುಗಿ ಕೇಳಿದಳು, "ಅದರಾಗ ಹುಳ ಅದ ಏನ್ರಿ?"

ಮಾಸ್ತರರು ಹಾಳೆಗಳನ್ನು ಜೋಡಿಸತೊಡಗಿದರು. ಅದೇ ಉತ್ತರ. "ಗುಟ್ಟು ಹೊರಗ ಬಿತ್ತು. ಆಟ ನಿಲ್ತದ" ಎಂದರು.

ನಿಂತಿತಲ್ಲ, ಸದ್ಯ, ನನ್ನನ್ನು ಓಡಿಸಿದರೂ ಪರವಾಗಿಲ್ಲ, ನಿಂತಿತಲ್ಲ ಎಂದು ನಾನು ಉಸಿರು ಬಿಟ್ಟೆ.

"ನಿಲ್ಲಸಬ್ಯಾಡ್ರಿ" ಎಂದಳು ಹುಡುಗಿ. "ಅಕ್ಕನ ಮಾತಿಂದ ನನಗೇನೂ ಹೊಸಾದು ತಿಳಿದಿಲ್ಲ. ಈ ಮೊಹೀಮ್ ನಾನೂ ಮೊದಲೇ ಆಡೇನಿ."

ಮಾಸ್ತರರು ತಲೆ ಎತ್ತಿದರು. "ಎಲ್ಲಿ ಆಡೀರಿ? ಭಾಲ್ಕಿಯಾಗ?"

"ನಮ್ಮ ದೊಡ್ಡ್ಯಾಗ್ರಿ."

ಸೆರಗಿನಿಂದ ಬಲಗೈ ತೆಗೆದು, ಅಂಗೈ ಮೇಲಾಗಿ ಮೇಜಿನ ಮೇಲೆ ಇಟ್ಟಳು. ಬಿಸಿಲಿನಲ್ಲಿ ಹೆಬ್ಬೆರಳಿನ ಬುಡದ ಆ ಕಪ್ಪು ಕಲೆ ಎಲ್ಲರಿಗೂ ಕಂಡಿತು. ಮಾಸ್ತರರು ಅದನ್ನು ನೋಡಿದರು, ಲೈನ್‌ಮನ್ನರ ಹೆಂಡತಿಯ ಮುಖ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಚಹಾದ ಹೊತ್ತಿನಲ್ಲಿ ಯಾಕೆ ತಮ್ಮ ಹಿಂದೆ ಬಿದ್ದಿದ್ದೆ ಎಂಬುದು ಅವರಿಗೆ ಆಗ ತಿಳಿದಿರಬೇಕು.

"ಬ್ಯಾಡವ್ವ. ನಾ ಕಥಿ ಬದಲು ಮಾಡ್ತೇನಿ" ಎಂದರು ಮೆಲ್ಲಗೆ.

"ಯಾಕ್ರಿ ಬದಲು ಮಾಡ್ತೀರಿ? ಮತ್ತ ಆಡೋರಿಗೆ ನೇಮ ಏನದ, ಅದು ಹೇಳ್ರಿ."

"ಮೊದಲ ಹೇಳಬೇಕು."

"ಹೇಳ್ದೆ."

"ಹಳೇ ಪಾತ್ರ ಇರಬಾರ್ದು."

"ಆವಾಗ ಈ ಕಳ್ಳಿ ಎಲ್ಲಿದ್ಳ್ರಿ? ಬರೇ ನಾ ಇದ್ದೆ."

ಮಾಸ್ತರರ ದನಿ ಇನ್ನೂ ಇಳಿಯಿತು. "ಗೊತ್ತಿದ್ದದ್ದು ಬಳಸಬಾರ್ದು."

"ಬಳಸೂದಿಲ್ರಿ. ಕೈ ಹಾಕ್ತೇನಿ."

ಎರಡೇ ಮಾತಿನ ನೇಮವನ್ನು ನಾನು ಗಾಳಿಗೆ ತೂರಿದೆ. "ಬ್ಯಾಡ, ತಂಗಿ, ನಿನ್ನ ಕಾಲು ಬೀಳ್ತೇನಿ, ಬ್ಯಾಡ" ಎಂದೆ. ಯಾರೂ ನನ್ನನ್ನು ತಡೆಯಲಿಲ್ಲ, ಅವಳೂ ಕೇಳಲಿಲ್ಲ. ದಾಳ ತೆಗೆದುಕೊಂಡಳು. ಎಡಗೈಯಿಂದಲ್ಲ, ಬಲಗೈಯಿಂದ. ಕೈ ಎಷ್ಟು ನಡುಗುತ್ತಿತ್ತೆಂದರೆ ಅವಳು ಎಸೆಯಲಿಲ್ಲ, ದಾಳ ತಾನೇ ಬಿತ್ತು.

ಇಪ್ಪತ್ತಕ್ಕೆ ನಾಲ್ಕು. ಅಷ್ಟಕ್ಕೆ ಏನೂ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಇನ್ನು ಹೇಳಬೇಕಾದವರು ಮಾಸ್ತರರು. "ಹುಳ... ಮುಟ್ತು."

"ಹೆಸರ ಹಿಡಿದು ಹೇಳ್ರಿ" ಎಂದಳು.

"ಹಾವು ಕಚ್ತು."

ಅವಳ ಹಣೆಯಿಂದ ಬೆವರು ಇಳಿಯಿತು. ಕಣ್ಣು ಮಾತ್ರ ಮೇಜಿನ ಮೇಲಿದ್ದ ತನ್ನ ಕೈಯಿಂದ ಸರಿಯಲಿಲ್ಲ. ವಿಷ ತಡೆಯಲು ಇನ್ನೊಂದು ದಾಳ ಸಿಗುತ್ತದೆ. ಅದನ್ನೂ ಹಾಕಿದಳು, ಅದೂ ಕೈಗೂಡಲಿಲ್ಲ. ಲೈನ್‌ಮನ್ನರ ಹೆಂಡತಿ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದರು. ಓಡಿಹೋಗಿ ಅವಳ ಗಂಡನನ್ನು ಕರೆಯಬೇಕು ಅನ್ನಿಸಿತು, ಆದರೆ ಹೋಗಲಿಲ್ಲ. ಅವಳ ತುಟಿ ಬಿಗಿದಿತ್ತು. ಹೋಯಿತು, ಮಾತು ಮತ್ತೆ ಹೋಯಿತು, ಇನ್ನು ಈ ಹುಡುಗಿ ಬಾಯಿ ತೆಗೆಯುವುದಿಲ್ಲ ಎಂದೇ ನಾನು ಅಂದುಕೊಂಡೆ.

"ಸತ್ಲೇನ್ರಿ?" ಎಂದಳು.

"ಹೌದವ್ವ" ಎಂದರು ಮಾಸ್ತರರು.

ಅವಳು ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು, ಬಿಚ್ಚಿದಳು. ಕೈ ಎತ್ತಿ ಮುಖದ ಹತ್ತಿರ ತಂದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದಳು. ಇಷ್ಟು ದಿನ ಅದನ್ನು ದೊಡ್ಡಿಯ ಹೊಟ್ಟಿನೊಳಗೇ ಬಿಟ್ಟು ಬಂದಿದ್ದಳೇನೋ ಎಂಬಂತೆ ನೋಡಿದಳು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಕಟ್ಟೆಯ ಕಡೆ ತಿರುಗಿ, ಗಾಬರಿಯಿಂದ ಅವನು ಚಪ್ಪಲಿ ಬಿಟ್ಟು ಓಡಿ ಬರುವಷ್ಟು ದೊಡ್ಡ ದನಿಯಲ್ಲಿ ಗಂಡನನ್ನು ಕೂಗಿದಳು.

"ಕೇಳ್ರಿ ಇಲ್ಲಿ! ಆಕಿ ಸತ್ಲು. ನಾ ಅದೀನಿ!"